ಕೋಳಿ ಫಾರಮ್ಮಿನ ಹಿಂಬಾಗಿಲು

ನಮ್ಮ ಅಪಾರ್ಟ್‌ಮೆಂಟಿಗೆ ಹೊಸದಾಗಿ ಕೆಲಸಕ್ಕೆ ಬಂದಿರುವ ಹೆಂಗಸಿಗೆ ಫಿನಾಯಿಲ್ ಎಷ್ಟು ಹಾಕಬೇಕೆಂಬ ಅಂದಾಜೇ ಇಲ್ಲ. ಮೊನ್ನೆ ಮೆಟ್ಟಿಲು ಒರೆಸುವ ಬಕೆಟ್ಟಿಗೆ ಅರ್ಧ ಬಾಟಲಿ ಸುರಿದುಬಿಟ್ಟಳು. ಎದುರು ಮನೆಯಾಕೆ ಮೂಗು ಮುಚ್ಚಿಕೊಂಡು ಹೊರಗೆ ಬಂದು ಗದರಿದಳು. ನನ್ನ ಮಗಳು ದಡದಡನೆ ಕಿಟಕಿಗಳನ್ನೆಲ್ಲ ತೆರೆದಳು. ನಾನು ಮಾತ್ರ ಬಾಗಿಲ ಬಳಿಗೆ ಕುರ್ಚಿ ಎಳೆದುಕೊಂಡು ಕೂತೆ. "ಏನಮ್ಮಾ, ಇದೇನು ಮಲ್ಲಿಗೆ ಹೂವಾ, ಹೀಗೆ ಮೂಸ್ತಾ ಕೂತಿದೀಯಲ್ಲ" ಎಂದಳು ಮಗಳು. ಬಸವೇಶ್ವರನಗರದ ಆ ಬಾಗಿಲಲ್ಲಿ ಕೂತೇ ನನಗೆ ಹೆಗ್ಗನಹಳ್ಳಿಯ ಒಂದು ತಗಡಿನ ಗೇಟು ಕಾಣತೊಡಗಿತ್ತು. ಅದರ ಮುಂದೆ ಹಾಸಿದ್ದ ಒದ್ದೆ ಗೋಣಿಚೀಲ, ಪಕ್ಕದಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತ ಅಕ್ಕ...

ನಾನು ಮದುವೆಯಾಗಿ ಬಂದದ್ದು ಐವತ್ತರ ದಶಕದಲ್ಲಿ. ನಮ್ಮ ಯಜಮಾನರಿಗೆ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಕೆಲಸ. ರಾಜಾಜಿನಗರ ಆಗಿನ್ನೂ ಅರ್ಧ ಸೈಟು, ಅರ್ಧ ಹೊಲ. ಅಲ್ಲಿ ಮನೆ ಸಿಗದೆ ಅವರು ಹೆಗ್ಗನಹಳ್ಳಿಯ ಅಂಚಿನಲ್ಲಿ ಒಂದು ಕೋಳಿ ಫಾರಮ್ಮಿನ ಕಾಂಪೌಂಡಿನೊಳಗೆ ಒಂಟಿ ಕೋಣೆ ಹಿಡಿದಿದ್ದರು. ಬೆಂಗಳೂರಿನಲ್ಲಿ ಸಂಸಾರ ಅಂದುಕೊಂಡು ಬಂದ ನನಗೆ ಸಿಕ್ಕ ನೆರೆಹೊರೆ ಅಂದರೆ ಕೋಳಿಗಳು. ನನ್ನ ಕೋಪ ಇಳಿಯಲು ತಿಂಗಳುಗಟ್ಟಲೆ ಹಿಡಿಯಿತು.

ಫಾರಂ ಅಂದರೆ ಈಗಿನವರು ಅಂದುಕೊಳ್ಳುವಂಥ ದೊಡ್ಡ ಶೆಡ್ಡುಗಳಲ್ಲ. ಹೆಂಚು ಹೊದಿಸಿದ ಎರಡು ಉದ್ದನೆಯ ಕೊಟ್ಟಿಗೆ, ಸುತ್ತ ತಂತಿ ಬಲೆ, ಒಳಗೆ ಬಿಳಿಯ ಸೀಮೆಕೋಳಿಗಳು. ಇಡೀ ಜಾಗಕ್ಕೆ ಎತ್ತರದ ಮಣ್ಣಿನ ಗೋಡೆ. ನಮ್ಮ ಕೋಣೆಯ ಹಿಂಗೋಡೆಯೂ ಆ ಕಾಂಪೌಂಡಿನ ಗೋಡೆಯೂ ಒಂದೇ. ಅದರಾಚೆ ರಾಗಿ ಹೊಲ. ನಾವು ಹೋಗಿ ಬರಬೇಕೆಂದರೆ ಕೊಟ್ಟಿಗೆಗಳ ಮುಂದೆಯೇ ನಡೆದು ತಗಡಿನ ಗೇಟು ದಾಟಬೇಕಿತ್ತು. ಫಾರಮ್ಮಿನ ಯಜಮಾನಿಯನ್ನು ಊರಿಗೆ ಊರೇ ಅಕ್ಕ ಎನ್ನುತ್ತಿತ್ತು. ನಾನೂ ಹಾಗೇ ಕರೆದೆ. ಅವರ ಗಂಡ, ನಾನು ಭಾವ ಎನ್ನುತ್ತಿದ್ದವರು, ಮೊಟ್ಟೆಯ ಬುಟ್ಟಿಗಳನ್ನು ಸೈಕಲ್ಲಿಗೆ ಬಿಗಿದುಕೊಂಡು ಮಾಗಡಿ ರಸ್ತೆ ಹಿಡಿದು ಪೇಟೆಗೆ ಹೋಗಿ ಬರುತ್ತಿದ್ದರು. ಅವರು ಮಾತಾಡಿದ್ದು ನನಗೆ ನೆನಪಿರುವುದು ಕಡಿಮೆ. ಆ ಮನೆಯ ಮಾತನ್ನೆಲ್ಲ ಅಕ್ಕನೇ ಆಡಿ ಮುಗಿಸುತ್ತಿದ್ದರು.

ಅಕ್ಕನ ಕಟ್ಟಳೆಗಳು ಒಂದೇ ಎರಡೇ! ಗೇಟಿನ ಮುಂದಿನ ಗೋಣಿಚೀಲಕ್ಕೆ ಬೆಳಗ್ಗೆ ಸಂಜೆ ಫಿನಾಯಿಲ್ ನೀರು ಸುರಿಯಬೇಕು. ಯಾರೇ ಬರಲಿ, ಕಾಲು ತೊಳೆದು ಆ ಚೀಲ ತುಳಿದೇ ಒಳಗೆ ಬರಬೇಕು. ಪೇಟೆಗೆ ಹೋದ ಬುಟ್ಟಿ ಬಿಸಿಲಲ್ಲಿ ಒಣಗದೆ ಒಳಗೆ ಬರುವಂತಿಲ್ಲ, ಅದರ ಹುಲ್ಲನ್ನು ಹೊರಗೇ ಸುಡಬೇಕು. ಊರಿನ ನಾಟಿಕೋಳಿ ಗೇಟಿನ ಹತ್ತಿರ ಸುಳಿದರೆ ಅಕ್ಕನ ಕೈಯಲ್ಲಿ ಕಡ್ಡಿಪೊರಕೆ. ಕೋಳಿ ಸತ್ತರೆ ಊರಿನವರ ಹಾಗೆ ಹಳ್ಳಕ್ಕೆ ಎಸೆಯುವುದಿಲ್ಲ, ಆಳವಾಗಿ ಹೂತು ಮೇಲೆ ಸುಣ್ಣ ಸುರಿಯುವುದು. "ದೇವ್ರ ಮನೆಗಿಲ್ದಿರೋ ಮಡಿ ಕೋಳಿ ಮನೆಗೆ" ಎಂದು ಊರ ಹೆಂಗಸರು ಬಾವಿಕಟ್ಟೆಯಲ್ಲಿ ಆಡಿಕೊಳ್ಳುತ್ತಿದ್ದರು. ನಾನೂ ಅವರ ಜೊತೆ ನಕ್ಕಿದ್ದೇನೆ. ಒಂದು ಸಲ ಭಾವ ಏನೋ ಯೋಚಿಸುತ್ತ ಚೀಲವನ್ನು ದಾಟಿಕೊಂಡು ಬಂದುಬಿಟ್ಟಿದ್ದರು. ಅಕ್ಕ ಅವರನ್ನು ಮತ್ತೆ ಆಚೆ ಕಳಿಸಿ, ಕಾಲು ತೊಳೆಸಿ, ಚೀಲದ ಮೇಲೆ ನಿಲ್ಲಿಸಿ, ಆಮೇಲೆ ಊಟಕ್ಕೆ ಕರೆದರು.

ಇದಕ್ಕೆಲ್ಲ ಕಾರಣ ಕೊಕ್ಕರೆ ರೋಗ. ನಾವು ಬರುವುದಕ್ಕೆ ಮುಂಚೆ ಅದು ಫಾರಮ್ಮಿಗೆ ನುಗ್ಗಿ ಇದ್ದಬದ್ದ ಕೋಳಿಯನ್ನೆಲ್ಲ ಒಂದೇ ವಾರದಲ್ಲಿ ಗುಡಿಸಿಹಾಕಿತ್ತಂತೆ. ಬೆಳಗ್ಗೆ ಮೇಯುತ್ತಿದ್ದ ಕೋಳಿ ಸಂಜೆಗೆ ರೆಕ್ಕೆ ಜೋಲು ಬಿಟ್ಟು, ಬಾಯಿ ತೆರೆದು ಉಸಿರಾಡಿ, ಹಸಿರಾಗಿ ಹಿಕ್ಕೆ ಹಾಕಿ, ಕತ್ತು ತಿರುಚಿಕೊಂಡು ಬೀಳುವುದು. ಬಂದಮೇಲೆ ಮದ್ದಿಲ್ಲ. ಬರದ ಹಾಗೆ ಕೋಳಿ ಡಾಕ್ಟರು ಸೂಜಿ ಹಾಕುತ್ತಿದ್ದರು, ಆದರೆ ಮರಿಗಳು ಸ್ವಲ್ಪ ಬೆಳೆಯುವ ತನಕ ಅದನ್ನು ಹಾಕುವ ಹಾಗಿರಲಿಲ್ಲ. ಅಲ್ಲಿಯವರೆಗೆ ಗೋಣಿಚೀಲವೇ ಗತಿ. ಅಕ್ಕ ಮತ್ತೆ ಮರಿಗಳಿಂದ ಶುರುಮಾಡಿ ಫಾರಂ ಎಬ್ಬಿಸಿದ್ದರು. ಅವರಿಗಿದ್ದ ಅನ್ನದ ದಾರಿ ಅದೊಂದೇ.

ನಾನು ಬಸುರಿಯಾದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ತವರು ತಾವರೆಕೆರೆಯ ಆಚೆಯ ಒಂದು ಹಳ್ಳಿ. ಅಮ್ಮ ಬಂದು ಕರೆದುಕೊಂಡು ಹೋಗಲು ದಿನವನ್ನೂ ನೋಡಿದ್ದಳು. ಅಷ್ಟರಲ್ಲಿ, ಎಂಟು ತಿಂಗಳಿಗೇ, ಒಂದು ಮಧ್ಯಾಹ್ನ ನೋವು ಬಂದುಬಿಟ್ಟಿತು. ಯಜಮಾನರು ಕಾರ್ಖಾನೆಯಲ್ಲಿ. ಅಕ್ಕ ಕಾಳಿನ ಬುಟ್ಟಿಯನ್ನು ಅಲ್ಲೇ ಕೆಳಗಿಟ್ಟು, ಮೈತೊಳೆದುಕೊಂಡು ಓಡಿಬಂದರು. ಊರಿನ ಸೂಲಗಿತ್ತಿಯನ್ನು ಕರೆಸಿದರು. ಹುಟ್ಟಿದ್ದು ಹೆಣ್ಣು. ಎಷ್ಟು ಸಣ್ಣದೆಂದರೆ ನನಗೆ ಎತ್ತಿಕೊಳ್ಳಲು ಭಯ. ಅದಕ್ಕೆ ಅಳುವ ಶಕ್ತಿಯಿರಲಿಲ್ಲ, ನನಗೆ ಹಾಲು ಇಳಿಯಲಿಲ್ಲ. ಸೂಲಗಿತ್ತಿ ಹೊರಗೆ ಹೋಗಿ ಅಕ್ಕನ ಹತ್ತಿರ ಮೆಲ್ಲಗೆ ಏನೋ ಹೇಳಿದಳು. ಅದೇನೆಂದು ಯಾರೂ ನನಗೆ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಸುದ್ದಿ ತಲುಪಿದ ಕೂಡಲೇ ಅಮ್ಮ ಬಸ್ಸು ಹಿಡಿದು ಸುಂಕದಕಟ್ಟೆಯಲ್ಲಿ ಇಳಿದು ನಡೆದುಬಂದಳು. ತಲೆಯ ಮೇಲೆ ಮೆಣಸು, ಬೆಳ್ಳುಳ್ಳಿ, ಹಳೆ ಬಟ್ಟೆಗಳ ಗಂಟು. ಕಂಕುಳಲ್ಲಿ ಬಟ್ಟೆ ಮುಚ್ಚಿದ ಕುಕ್ಕೆ, ಅದರಲ್ಲಿ ಮೂರು ನಾಟಿಕೋಳಿ. ನಮ್ಮ ಕಡೆ ಬಾಣಂತಿಗೆ ಕೆಲವು ದಿನ ಬೆಳ್ಳುಳ್ಳಿ ಸಾರು, ಆಮೇಲೆ ನಾಟಿಕೋಳಿ ಸಾರು. ಆ ಕೋಳಿ ತವರಿನಿಂದಲೇ ಬರಬೇಕು, ಬೇಕಾದಾಗ ಒಂದೊಂದೇ ಕುಯ್ಯಲು ಜೀವಂತವಾಗಿಯೇ ಬರಬೇಕು. ಬರಿಗೈಯಲ್ಲಿ ಬಂದ ತಾಯಿಯನ್ನು ಯಾರೂ ತಾಯಿ ಅನ್ನುವುದಿಲ್ಲ.

ಗೇಟಿನಲ್ಲಿ ಅಕ್ಕ ಅಡ್ಡ ನಿಂತರು. ನಾನು ಕೋಣೆಯೊಳಗೆ ಮಲಗಿದ್ದೆ, ಮಾತೆಲ್ಲ ಕೇಳುತ್ತಿತ್ತು.

"ನೀವ್ ಬನ್ನಿ ಅಮ್ಮ. ಕೋಳಿ ಆಚೆ ಇರ್ಲಿ."

"ಏನಂದೆ? ನನ್ ಮಗಳ ಬಾಣಂತನಕ್ಕೆ ತಂದಿರೋ ಕೋಳಿ ಕಣವ್ವ ಇವು."

"ಗೊತ್ತು ಅಮ್ಮ. ಆದ್ರೂ ಆಚೇನೇ. ನನ್ ಮರಿಗಳಿಗೆ ಇನ್ನೂ ಸೂಜಿ ಬಿದ್ದಿಲ್ಲ."

ಅಮ್ಮನನ್ನು ಹೀಗೆ ಬಾಗಿಲಲ್ಲಿ ಯಾರೂ ತಡೆದಿರಲಿಲ್ಲ. ಅವಳ ದನಿ ಏರಿತು. ಬೀಗರ ಮನೆಯಲ್ಲೂ ಆಗದ ಅವಮಾನ ಬಾಡಿಗೆ ಮನೆಯಲ್ಲಿ ಆಯಿತೆಂದಳು. ನನಗೂ ಅಕ್ಕನ ಮೇಲೆ ಎಂಥ ಸಿಟ್ಟು ಬಂತೆಂದರೆ, ಎದ್ದು ಹೋಗಿ ಆ ಗೋಣಿಚೀಲವನ್ನು ಎತ್ತಿ ರಸ್ತೆಗೆ ಬಿಸಾಡಬೇಕೆನ್ನಿಸಿತು. ಕೊನೆಗೆ ಭಾವ ರಸ್ತೆಯಾಚೆ ದೂರದ ಹೊಂಗೆ ಮರದಡಿ ಕೋಳಿಗಳಿಗೆ ಗೂಡು ಮಾಡಿಕೊಟ್ಟರು. ಅಮ್ಮ ಅವುಗಳಿಗೆ ಕಾಳು ಹಾಕಿ ಬಂದಾಗಲೆಲ್ಲ ಗೇಟಿನ ಹೊರಗೆ ಕೈಕಾಲು ತೊಳೆದು, ಸೀರೆ ಬದಲಾಯಿಸಿ, ಚೀಲ ತುಳಿದು ಒಳಗೆ ಬರಬೇಕಾಯಿತು. ಬರುವಾಗೆಲ್ಲ ಅಕ್ಕನಿಗೆ ಕೇಳುವ ಹಾಗೆ ಗೊಣಗುತ್ತಿದ್ದಳು. ಅಕ್ಕನಿಗೆ ಆಗ ಕಿವಿಯೇ ಕೇಳುತ್ತಿರಲಿಲ್ಲ.

ಆದರೆ ಅಮ್ಮ ಬಂದ ಮೇಲೆ ಕೋಣೆಯೇ ಬೇರೆಯಾಯಿತು. ಅವಳು ಮಗುವನ್ನು ತನ್ನ ಎದೆಯ ಮೇಲೆ, ಸೆರಗಿನೊಳಗೆ ಬರಿಮೈಗೆ ಒತ್ತಿಕೊಂಡು ಕೂರುತ್ತಿದ್ದಳು. ಹತ್ತಿಯ ಬತ್ತಿಯಲ್ಲಿ ಅದರ ಬಾಯಿಗೆ ಹನಿಹನಿ ಹಾಲು ಬಿಡುತ್ತಿದ್ದಳು. ನನಗೆ ಬಿಸಿನೀರು ಹುಯ್ದು, ಬೆನ್ನು ನೀವಿ, ಬೈದು, ತಿನ್ನಿಸಿ... ಮಗು ಮೊದಲ ಸಲ ಗಟ್ಟಿಯಾಗಿ ಅತ್ತಿದ್ದು ಅಮ್ಮನ ಮಡಿಲಲ್ಲೇ. ಅದು ಬದುಕಬಹುದೆಂದು ನನಗೆ ಅನ್ನಿಸಿದ್ದು ಆಗ.

ಅಷ್ಟರಲ್ಲೇ ಹೊಂಗೆ ಮರದಡಿಯ ಒಂದು ಕೋಳಿ ತೂಕಡಿಸತೊಡಗಿತು. ಅಮ್ಮ ಬಿಸಿಲಿಗೆ ಅಂದಳು. ಮಾರನೆಯ ದಿನ ಅದು ಕತ್ತು ತಿರುಚಿಕೊಂಡು ಬಿತ್ತು, ಹಿಂದೆಯೇ ಉಳಿದವೂ ಹೋದವು. ಅಕ್ಕ ಗೇಟಿನಿಂದಾಚೆ ಕಾಲಿಡದೆ, ಅಲ್ಲಿಂದಲೇ ಅಮ್ಮನನ್ನು ಕೂಗಿ ಕೇಳಿದರು, ಊರಲ್ಲಿ ಬೇರೆ ಕೋಳಿಗಳೂ ಸತ್ತಿದ್ದವಾ ಎಂದು. ಅಮ್ಮ ನಿಜ ಹೇಳಿದಳು. ಅವಳು ಹೊರಡುವ ಮುಂಚೆ ಮನೆಯಲ್ಲಿ ಎರಡು ಸತ್ತಿದ್ದವು. ಹಳ್ಳಿಯಲ್ಲಿ ಕೋಳಿ ಸಾಯಲು ಶುರುವಾದರೆ ಎಲ್ಲರೂ ಮಾಡುವುದು ಇದನ್ನೇ: ಚೆನ್ನಾಗಿ ಕಾಣುವುದನ್ನು ಬೇಗ ಸಂತೆಗೋ ನೆಂಟರಿಗೋ ದಾಟಿಸುವುದು. ಸುಮ್ಮನೆ ಹಾಳಾಗುವ ಬದಲು ಮಗಳ ಹೊಟ್ಟೆಗಾದರೂ ಸೇರಲಿ ಎಂದು ಅಮ್ಮ ತಂದಿದ್ದಳು. ಅದರಲ್ಲಿ ಮೋಸವೇನೂ ಇರಲಿಲ್ಲ. ಪ್ರೀತಿಯಿಂದಲೇ ತಂದಿದ್ದಳು.

ಭಾವ ಅಲ್ಲಿಯೇ ಗುಂಡಿ ತೋಡಿ, ಹೂತು, ಸುಣ್ಣ ಸುರಿದರು. ಆ ಬಟ್ಟೆಯಲ್ಲಿ ಅವರೂ ಒಳಗೆ ಬರುವಂತಿರಲಿಲ್ಲ. ಅಕ್ಕ ಗೇಟಿನ ಚಿಲಕ ಹಾಕಿದರು. "ಅಮ್ಮ, ಇನ್ಮೇಲೆ ನೀವು ಈ ಗೇಟಲ್ಲಿ ಬರಂಗಿಲ್ಲ. ಮರಿಗಳಿಗೆ ಸೂಜಿ ಬೀಳೋಗಂಟ ಬರಂಗಿಲ್ಲ" ಎಂದರು. ಕಾಲು ತೊಳೆದರೂ ಸಾಲದು, ಸೀರೆ ಬದಲಾಯಿಸಿದರೂ ಸಾಲದು. ಸಾಯುತ್ತಿದ್ದ ಕೋಳಿಯನ್ನು ಅಮ್ಮ ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸಿದ್ದಳು.

ಅಮ್ಮ ಈ ಸಲ ಜಗಳವಾಡಲಿಲ್ಲ. ಊರಿಗೆ ಹೋಗುತ್ತೇನೆ ಅಂದಳು, ಆದರೆ ಹೋಗಲಿಲ್ಲ. ಹೊಂಗೆ ಮರದಡಿಯಲ್ಲೇ ಕುಳಿತಳು. ಇತ್ತ ಕೋಣೆಯಲ್ಲಿ ಮಗು ಹಸಿದು ಕುಂಯ್‌ಗುಡುತ್ತಿತ್ತು. ನಾನು ಬತ್ತಿಯಿಂದ ಹಾಲು ಬಿಡಲು ಹೋದರೆ ಅದು ಕೆಮ್ಮಿ ನೀಲಿಯಾಗುತ್ತಿತ್ತು. ಹಸಿ ಬಾಣಂತಿ, ಎದ್ದು ಗೇಟಿನವರೆಗೆ ನಡೆಯಲೂ ನನ್ನಿಂದ ಆಗುತ್ತಿರಲಿಲ್ಲ. ಅಕ್ಕನಿಗೆ ಕೂಗಿ ಹೇಳಿದೆ, ಬೇಡಿಕೊಂಡೆ, ಬಾಯಿಗೆ ಬಂದದ್ದನ್ನೂ ಅಂದೆ. ನಿಮಗೆ ಮಗುವಿಗಿಂತ ಕೋಳಿ ಹೆಚ್ಚಾ ಎಂದೆ. ಅಕ್ಕ ಅಂಗಳದಲ್ಲಿ ನಿಂತು ಒಮ್ಮೆ ಕೊಟ್ಟಿಗೆಯ ಕಡೆ ನೋಡಿದರು, ಒಮ್ಮೆ ನನ್ನ ಬಾಗಿಲ ಕಡೆ. ಆಮೇಲೆ ಗೇಟಿನ ಕಡೆ ಹೊರಟುಹೋದರು.

ಸ್ವಲ್ಪ ಹೊತ್ತಿಗೆ ನನ್ನ ಬೆನ್ನ ಹಿಂದೆ ಧಡ್ ಎಂದು ಸದ್ದಾಯಿತು. ಗೋಡೆಯಿಂದ ಮಣ್ಣು ಉದುರಿತು. ನಾನು ಮಗುವನ್ನು ಎತ್ತಿಕೊಂಡು ಮೂಲೆಗೆ ಸರಿದೆ. ಇನ್ನೊಂದು ಏಟು, ಮತ್ತೊಂದು... ಗೋಡೆ ತೂತಾಗಿ ಬಿಸಿಲು ಒಳಗೆ ಬಂತು, ಹಾರೆಯ ತುದಿ ಕಂಡಿತು. ಆಚೆ ರಾಗಿ ಹೊಲದಲ್ಲಿ ಮೈಯೆಲ್ಲ ಮಣ್ಣಾಗಿ ನಿಂತಿದ್ದವರು ಭಾವ. ಅಷ್ಟರಲ್ಲಿ ನನ್ನ ಮುಂಬಾಗಿಲನ್ನು ಹೊರಗಿನಿಂದ ಎಳೆದು ಚಿಲಕ ಹಾಕಿದ ಸದ್ದು ಕೇಳಿತು. ಕಿಟಕಿಯಲ್ಲಿ ಅಕ್ಕನ ಮುಖ.

"ಇವತ್ತಿಂದ ಈ ಕೋಣೆ ನನ್ ಫಾರಮ್ಮಿಗೆ ಸೇರಿದ್ದಲ್ಲ ಕಣೇ. ಹೊಲದ ಕಡೇದು. ನಿಮ್ಮವ್ವ ಆ ಕಡೆಯಿಂದ ಬರ್ಲಿ, ನಿನ್ ಗಂಡಾನೂ ಅಲ್ಲಿಂದ್ಲೇ ಬರ್ಲಿ. ನೀನು ಈ ಬಾಗ್ಲು ತೆಗೀಬ್ಯಾಡ."

ಅಮ್ಮ ಬಗ್ಗಿ ಆ ತೂತಿನಲ್ಲಿ ನುಸುಳಿ ಬಂದಳು. ಬಂದವಳೇ ಬಚ್ಚಲಲ್ಲಿ ಮೈತೊಳೆದು, ನನ್ನ ಸೀರೆ ಉಟ್ಟು, ಮಗುವನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಕಿಟಕಿಯ ಕಡೆ ತಿರುಗಿ, ಅಷ್ಟು ದಿನಗಳಲ್ಲಿ ಮೊದಲ ಸಲ ಅಕ್ಕನನ್ನು ಮೆತ್ತಗೆ ಕೇಳಿದಳು. "ಯಾಕವ್ವಾ ಗೋಡೆ ಒಡೆಸ್ದೆ? ನಾನು ಊರಿಗೆ ಹೋಗ್ತಿದ್ದೆ."

"ಹೋದ ಸಲ ರೋಗ ತಂದಿದ್ದು ನಮ್ಮವ್ವ ಕಣಮ್ಮ" ಎಂದರು ಅಕ್ಕ. "ಹಬ್ಬಕ್ಕೆ ಅಂತ ಹುಂಜ ಹಿಡ್ಕೊಂಡ್ ಬಂದಿದ್ಲು. ನನ್ವೆಲ್ಲಾ ಸತ್ತೋದ್ವು. ನೀನೇ ಹಾಳ್ ಮಾಡ್ದೆ, ಇನ್ನು ನನ್ ಬಾಗ್ಲು ತುಳೀಬ್ಯಾಡ ಅಂದ್ಬಿಟ್ಟೆ. ತುಳೀಲೇ ಇಲ್ಲ ಅವ್ಳು. ಮಣ್ಣಿಗೆ ಇಡುವಾಗ್ಲೇ ನಾನು ಅವಳ ಮಕ ನೋಡಿದ್ದು. ಇನ್ನೊಂದ್ಸಲ ಹಂಗಾಗೋದ್ ಬ್ಯಾಡ."

ಕಿಟಕಿಯಿಂದ ಅಕ್ಕನ ಮುಖ ಸರಿಯಿತು, ಕೊಟ್ಟಿಗೆಯಲ್ಲಿ ಕಾಳು ಚೆಲ್ಲುವ ಸದ್ದು ಬಂತು.

ಮುಂದಿನ ವಾರಗಳು ಹೇಗೆ ಕಳೆದವೋ. ನಮ್ಮ ಪಾಲಿಗೆ ಹೆಗ್ಗನಹಳ್ಳಿ ಅಂದರೆ ಹಿಂದಿನ ರಾಗಿ ಹೊಲ ಮಾತ್ರ. ಯಜಮಾನರು ಬದುವಿನ ಮೇಲೆ ಸೈಕಲ್ ತಳ್ಳಿಕೊಂಡು ಹೋಗಿ ಬರುತ್ತಿದ್ದರು. ಒಡೆದ ಜಾಗಕ್ಕೆ ಭಾವ ಒಂದು ಹಳೆಯ ಹಲಗೆಯ ಬಾಗಿಲು ಜೋಡಿಸಿದರು. ಅಕ್ಕ ಬಿಸಿನೀರು, ಗಂಜಿ, ಮೆಣಸಿನ ಸಾರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ದೂರ ಸರಿಯುತ್ತಿದ್ದರು. ಪಾತ್ರೆ ನಮ್ಮಲ್ಲೇ ಉಳಿಯಬೇಕು, ಮರಳಿ ಹೋಗುವಂತಿಲ್ಲ. ಅವರ ಅಡುಗೆಮನೆಯ ಪಾತ್ರೆಗಳೆಲ್ಲ ನಮ್ಮ ಕೋಣೆಯಲ್ಲಿ ರಾಶಿಬಿದ್ದು, ಕೊನೆಕೊನೆಗೆ ಅಕ್ಕ ತೆಂಗಿನ ಚಿಪ್ಪಿನಲ್ಲಿ ಸಾರು ಕೊಡುತ್ತಿದ್ದರು. ಅದನ್ನು ಕಂಡು ಅಮ್ಮ ನಕ್ಕಳು, ಕಿಟಕಿಯಾಚೆ ಅಕ್ಕನೂ ನಕ್ಕರು. ಪ್ರತಿ ಬೆಳಗ್ಗೆ ಅಕ್ಕ ಕೊಟ್ಟಿಗೆಯ ಬಾಗಿಲು ತೆಗೆಯುವ ಸದ್ದು ಕೇಳಿದರೆ ಅಮ್ಮ ಕೈಮುಗಿದು ಕೂರುತ್ತಿದ್ದಳು. ಒಂದು ದಿನ ಒಂದು ಮರಿ ಸತ್ತಿತು. ಅಂದು ಇಡೀ ದಿನ ಅಮ್ಮ ಅನ್ನ ಮುಟ್ಟಲಿಲ್ಲ. ಮರುದಿನ ಬೇರೆ ಯಾವುದೂ ಸಾಯಲಿಲ್ಲ, ಅದರ ಮರುದಿನವೂ ಸಾಯಲಿಲ್ಲ. ಊರೊಳಗೆ ಮಾತ್ರ ಅವರಿವರ ಹಿತ್ತಲಲ್ಲಿ ಕೋಳಿಗಳು ಉರುಳುತ್ತಿದ್ದವು. ಬಾವಿಕಟ್ಟೆಯಲ್ಲಿ ಅಕ್ಕನ ಮಡಿಯ ಮಾತು ಯಾರೂ ಎತ್ತಲಿಲ್ಲವಂತೆ.

ಡಾಕ್ಟರು ಬಂದು ಮರಿಗಳಿಗೆ ಸೂಜಿ ಹಾಕಿ ಹೋದರು. ಇನ್ನಷ್ಟು ದಿನ ಕಾದು, ಒಂದು ಬೆಳಗ್ಗೆ ಅಕ್ಕ ನನ್ನ ಮುಂಬಾಗಿಲಿನ ಚಿಲಕ ತೆಗೆದರು. ಒಳಗೆ ಬಂದವರೇ ಮಗುವನ್ನು ಎತ್ತಿಕೊಂಡರು. ಅಷ್ಟು ದಿನ ಕಿಟಕಿಯಿಂದಲೇ ನೋಡಿದ್ದರಲ್ಲ, ಅದರ ಕೆನ್ನೆ, ಬೆರಳು, ಕಾಲು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದರು. ಮಗು ತುಂಬಿಕೊಂಡಿತ್ತು. ಅಮ್ಮ ಹಿಂಬಾಗಿಲಿನಿಂದ ಸುತ್ತಿ ಗೇಟಿನ ಹೊರಗೆ ಹೋಗಿ, ಯಾರೂ ಹೇಳದೆಯೇ ಕಾಲು ತೊಳೆದು, ಚೀಲದ ಮೇಲೆ ಬೇಕೆಂದೇ ಬಹಳ ಹೊತ್ತು ನಿಂತು, ಮುಂದಿನಿಂದ ಒಳಗೆ ಬಂದಳು. ಅಕ್ಕ ಎದುರು ಹೋಗಿ ಅವಳ ಕೈ ಹಿಡಿದು ಕರೆತಂದರು.

ಆಮೇಲೆ ನಾವು ರಾಜಾಜಿನಗರಕ್ಕೆ ಮನೆ ಬದಲಾಯಿಸಿದೆವು. ಅಮ್ಮ ಮಾತ್ರ ನನ್ನ ಮನೆಗೆ ಬಂದಾಗಲೆಲ್ಲ ಮೊದಲು ಸುಂಕದಕಟ್ಟೆಯಲ್ಲಿ ಇಳಿದು ಅಕ್ಕನನ್ನು ಕಂಡೇ ಬರುತ್ತಿದ್ದಳು. ಅವರೆಕಾಯಿ, ಹುರುಳಿ, ಹುಣಸೆಹಣ್ಣು, ಏನಾದರೊಂದು ಗಂಟು ಅಕ್ಕನಿಗೆ ಇದ್ದೇ ಇರುತ್ತಿತ್ತು. ಕೋಳಿ ಮಾತ್ರ ಒಯ್ಯಲಿಲ್ಲ. ನನಗೆ ತಂದ ಗಂಟು ಅದಕ್ಕಿಂತ ಚಿಕ್ಕದಿರುತ್ತಿತ್ತು ಎಂದು ನಾನು ರೇಗಿಸಿದರೆ, "ನಿನಗೇನು ಕಣೇ, ನಾನಿದೀನಿ" ಅನ್ನುತ್ತಿದ್ದಳು.

ಅಕ್ಕ ಹೋದದ್ದು ಇನ್ನೂ ಹೋಗುವ ವಯಸ್ಸಲ್ಲದ ವಯಸ್ಸಿನಲ್ಲಿ. ಜ್ವರ ಅಂತ ಮಲಗಿದವರು ಏಳಲಿಲ್ಲ. ಸುದ್ದಿ ಬಂದಾಗ ಅಮ್ಮ ನನ್ನ ಮನೆಯಲ್ಲೇ ಇದ್ದಳು, ಇಬ್ಬರೂ ಓಡಿದೆವು. ಅಂಗಳದಲ್ಲಿ ಅಕ್ಕನನ್ನು ಮಲಗಿಸಿದ್ದರು, ಕಾಲ ಬಳಿ ಭಾವ ಕೂತಿದ್ದರು. ಮುತ್ತೈದೆ ಹೋದರೆ ಕೊನೆಯ ಸೀರೆ ತವರಿನಿಂದ ಬರಬೇಕು, ಅದನ್ನು ಹೊದಿಸದೆ ಎತ್ತುವುದಿಲ್ಲ. ಮೀಯಿಸಿದ ಹೆಂಗಸರು, ತವರಿನ ಸೀರೆ ಎಲ್ಲಿ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಅಕ್ಕನಿಗೆ ಅಣ್ಣತಮ್ಮಂದಿರಿರಲಿಲ್ಲ. ತಾಯಿ ಹೋಗಿ ಎಷ್ಟೋ ಕಾಲವಾಗಿತ್ತು. ಯಾರೂ ಬರುವವರಿಲ್ಲ ಎಂದು ಭಾವ ತಲೆ ತಗ್ಗಿಸಿದರು.

ಅಮ್ಮ ಹೆಂಗಸರನ್ನು ಸರಿಸಿಕೊಂಡು ಮುಂದೆ ಹೋದಳು. ಚೀಲದಿಂದ ಒಂದು ಹೊಸ ಹಸಿರು ಸೀರೆ ತೆಗೆದಳು. ಅದನ್ನು ಯಾವಾಗ ಇಟ್ಟುಕೊಂಡಿದ್ದಳೋ ನನಗೆ ಗೊತ್ತಿಲ್ಲ.

"ತವರಿಂದ ಬಂದೈತೆ ಕಣ್ರವ್ವಾ" ಎಂದು, ಮಡಿಕೆ ಬಿಡಿಸಿ ತಾನೇ ಹೊದಿಸಿದಳು.

ಈಗ ಅಮ್ಮನೂ ಇಲ್ಲ, ಭಾವನೂ ಇಲ್ಲ. ನಮ್ಮ ಯಜಮಾನರೂ ಇಲ್ಲ. ಫಿನಾಯಿಲ್ ವಾಸನೆಯ ಆ ದಿನ ಮಗಳಿಗೆ ಇದನ್ನೆಲ್ಲ ಹೇಳಿದೆ. ಭಾನುವಾರ ಅವಳು ನನ್ನನ್ನು ಹೆಗ್ಗನಹಳ್ಳಿಗೆ ಕರೆದುಕೊಂಡು ಹೋದಳು. ಬೀದಿಯ ಮೇಲೆ ಬೀದಿ, ಮನೆಯ ಮೇಲೆ ಮನೆ. ರಾಗಿ ಹೊಲ ಎಲ್ಲಿತ್ತು, ಹೊಂಗೆ ಮರ ಎಲ್ಲಿತ್ತು, ನನಗೇನೂ ತಿಳಿಯಲಿಲ್ಲ. ಇಲ್ಲೇ ಇರಬೇಕು ಎಂದು ಒಂದು ಕಡೆ ಕಾರಿನಿಂದ ಇಳಿದು ನಿಂತೆ. ಅಕ್ಕನಿಗೆ ನಾನು ಒಂದು ದಿನವೂ ಬಾಯಿಬಿಟ್ಟು ಉಪಕಾರದ ಮಾತು ಹೇಳಿರಲಿಲ್ಲ. ಹೇಳಲು ಈಗ ಅಲ್ಲಿ ಯಾರೂ ಇರಲಿಲ್ಲ. ಎತ್ತಿಕೊಳ್ಳಲು ನಾನು ಹೆದರಿದ್ದ ಆ ಮಗು ಈಗ ಅರವತ್ತು ದಾಟಿದ ಹೆಂಗಸು, ನನ್ನ ತೋಳು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದಳು. ಅವಳ ಕಡೆಗೆ ತಿರುಗಿ, "ಅಕ್ಕ ಉಳಿಸಿಕೊಟ್ಟವಳು ಕಣೇ ನೀನು" ಎಂದೆ.